ಮಹಾಗನಿ ಚಕ್ಕೆಗೆ ರಾಚಮ್ಮನ ಸಾಕ್ಷಿ

ಚೆಲುವರಾಜುವಿಗೆ ಗಿಡ ಬೆಳೆಸಲು ಬರುತ್ತಿತ್ತು; ಗಿಡ ಮಾರಲು ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲೇ ಅವನ ನರ್ಸರಿ. ಹಸಿರು ನೆಟ್ಟಿನ ನೆರಳಲ್ಲಿ ತೇಗ, ಸಿಲ್ವರ್ ಓಕ್, ಹೆಬ್ಬೇವು, ಶ್ರೀಗಂಧ ಸಾಲುಸಾಲಾಗಿ ನಿಂತಿರುತ್ತಿದ್ದವು. ಹೊಗೆಸೊಪ್ಪು ಸಾಕಾಗಿ ಬದುವಿಗಾದರೂ ಏನಾದರೂ ಮರ ಹಾಕೋಣ ಎಂದು ಬಂದ ರೈತ ಒಂದು ಗಿಡ ಕೇಳಿದರೆ, ಚೆಲುವರಾಜು ಅವನ ಹೆಗಲ ಮೇಲೆ ಕೈಹಾಕಿ, ಟೀ ಕುಡಿಸಿ, ಬೇರೆಯದೇ ಗಿಡ ಹೊರಿಸಿ ಕಳಿಸುತ್ತಿದ್ದ. ಹೊತ್ತುಕೊಂಡು ಹೋದವನು ಬಯ್ಯುತ್ತಿರಲಿಲ್ಲ, ಇನ್ನೊಬ್ಬನನ್ನು ಕರೆದುಕೊಂಡು ಬರುತ್ತಿದ್ದ.

ಅವನ ಮಾತು ಸೋಲುತ್ತಿದ್ದದ್ದು ಆಫ್ರಿಕನ್ ಮಹಾಗನಿಯ ಮುಂದೆ ಮಾತ್ರ. ಗಿಡವೇನೋ ಚೆಂದ. ನೆಟ್ಟಗೆ ಏರುತ್ತದೆ, ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಮರ ಒಳಗೆ ಕೆಂಪು. ಆದರೆ ಕೊಯ್ಯಬೇಕಾದರೆ ವರ್ಷಗಟ್ಟಲೆ ಕಾಯಬೇಕು. "ನಾವು ಸತ್ತ ಮ್ಯಾಲೆ ಕುಯ್ಯಾದಾ ಇದ್ನ?" ಎಂದು ಕೇಳಿ ರೈತರು ಸಿಲ್ವರ್ ಓಕ್ ಕಡೆ ತಿರುಗುತ್ತಿದ್ದರು. ಚೆಲುವರಾಜು ಹುಮ್ಮಸ್ಸಿನಲ್ಲಿ ಮಹಾಗನಿಯನ್ನೇ ಮೂರು ಪಾತಿ ತುಂಬ ಎಬ್ಬಿಸಿಬಿಟ್ಟಿದ್ದ. ಸಸಿಗಳು ಮೊಣಕಾಲು ದಾಟಿ ಸೊಂಟದ ಹತ್ತಿರ ಬಂದಿದ್ದವು, ಬೇರು ಪ್ಯಾಕೆಟ್ಟು ಹರಿದು ನೆಲಕ್ಕೆ ಇಳಿಯುತ್ತಿತ್ತು. ಮರ ದೊಡ್ಡದಾಗುವ ಮುಂಚೆಯೇ ಏನಾದರೂ ಕೊಡುತ್ತದೆ ಎಂದು ಹೇಳಲು ಅವನಿಗೊಂದು ಮಾತು ಬೇಕಾಗಿತ್ತು.

ಆ ಮಾತು ಮೊಬೈಲಿನಲ್ಲಿ ಸಿಕ್ಕಿತು. ಯಾರೋ ಕಳಿಸಿದ ವಿಡಿಯೊ. ಆಫ್ರಿಕಾದಲ್ಲಿ ಈ ಮರದ ತೊಗಟೆಯ ಚಕ್ಕೆಯನ್ನು ಕುದಿಸಿ ಕುಡಿಯುತ್ತಾರೆ, ಜ್ವರ ಬಿಡುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ, ವಿಜ್ಞಾನಿಗಳೇ ಒಪ್ಪಿದ್ದಾರೆ ಎಂದು ಅದರಲ್ಲಿ ಒಬ್ಬಾತ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಚೆಲುವರಾಜು ಪೂರಾ ನಂಬುವ ಪೈಕಿಯಲ್ಲ. ಮೈಸೂರಿನಲ್ಲಿ ಬಿ. ಫಾರ್ಮ್ ಓದುತ್ತಿದ್ದ ಮಗಳು ರೂಪಶ್ರೀ ಭಾನುವಾರ ಮನೆಗೆ ಬಂದಾಗ ಅವಳ ಮುಂದೆ ಮೊಬೈಲು ಹಿಡಿದ. ಅವಳು ತನ್ನ ಫೋನಿನಲ್ಲಿ ಏನೇನೋ ಹುಡುಕಿ, ಓದಿ, ಆಮೇಲೆ ಬಾಯಿ ಬಿಟ್ಟಳು.

"ಪೂರಾ ಸುಳ್ಳಲ್ಲಪ್ಪ. ಆ ಕಡೆ ಹಿಂದಿನಿಂದ್ಲೂ ಜ್ವರಕ್ಕೆ, ಹೊಟ್ಟೆ ನೋವಿಗೆ, ಗಾಯಕ್ಕೆ ಈ ಚಕ್ಕೆ ಬಳಸ್ತಾರೆ. ಶುಗರ್ ಇರೋ ಇಲಿಗಳಿಗೆ ಇದರ ಸಾರ ಕೊಟ್ಟು ನೋಡಿದಾರೆ. ಇಳಿದಿದೆ."

"ಇಳಿದದಾ! ನಾ ಯೋಳ್ಲಿಲ್ವಾ?"

"ಪೂರ್ತಿ ಕೇಳು. ಇಳಿದಿರೋದು ಇಲಿಗಳಲ್ಲಿ. ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿರೋದು ನಂಗೆ ಒಂದೂ ಸಿಕ್ತಿಲ್ಲ. ಎಷ್ಟು ಕೊಡ್ಬೇಕು, ಎಷ್ಟು ದಿನ ಕೊಡ್ಬೇಕು, ಗೊತ್ತಿಲ್ಲ. ಜಾಸ್ತಿ ದಿನ ಕೊಟ್ಟಾಗ ಇಲಿಗಳ ಕಿಡ್ನಿ, ಲಿವರ್ ಕೆಟ್ಟಿರೋದೂ ಇದೆ ಇಲ್ಲಿ. ಅಮ್ಮಂಗೆ ಗಿಮ್ಮಂಗೆ ಕೊಟ್ಟೀಯ ಮತ್ತೆ."

ಅವನ ಹೆಂಡತಿ ಸುನಂದಮ್ಮನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಕೆಲವು ವರ್ಷಗಳಾಗಿದ್ದವು.

"ನಂಗೇನ್ ಉಚ್ಚಾ?" ಎಂದ ಚೆಲುವರಾಜು.

ಹುಚ್ಚಿರಲಿಲ್ಲ. ಇದ್ದಿದ್ದರೆ ಮುಂದಿನದನ್ನು ಮನ್ನಿಸಬಹುದಾಗಿತ್ತು. ಮಗಳು ಹೇಳಿದ್ದನ್ನು ಅವನು ಕಿವಿ ತುಂಬ ಕೇಳಿಸಿಕೊಂಡ, ಅರ್ಥವನ್ನೂ ಮಾಡಿಕೊಂಡ, ಆಮೇಲೆ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಕಡ್ಡಿಯಂತೆ ಆರಿಸಿ ಎಸೆದ. ಸಂಶೋಧನೆ ಆಗಿದೆ, ಇಟ್ಟುಕೊಂಡ. ಸಕ್ಕರೆ ಇಳಿದಿದೆ, ಇಟ್ಟುಕೊಂಡ. ಇಲಿ ಎಂಬ ಎರಡಕ್ಷರ ಮಾತ್ರ ಅವನ ಬಾಯಿಗೆ ಆಮೇಲೆ ಬರಲೇ ಇಲ್ಲ.

ನರ್ಸರಿಯಲ್ಲಿ ಪ್ಯಾಕೆಟ್ಟಿಗೆ ಮಣ್ಣು ತುಂಬುತ್ತಿದ್ದವಳು ರಾಚಮ್ಮ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಕಲಸಿ ಗುಡ್ಡೆ ಮಾಡಿಕೊಂಡು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಚೆಲುವರಾಜುವಿನ ತಾಯಿ ಬದುಕಿದ್ದಾಗ ಅವರ ಮನೆಯಲ್ಲಿ ಹೊಗೆಸೊಪ್ಪನ್ನು ಗೂಡಿನ ಬಿಸಿಯಲ್ಲಿ ಬೇಯಿಸಿ ಹದ ಮಾಡುತ್ತಿದ್ದರು. ಸೊಪ್ಪನ್ನು ಕಡ್ಡಿಗೆ ಕಟ್ಟಲು ಬರುತ್ತಿದ್ದ ಹೆಂಗಸರಲ್ಲಿ ಇವಳೂ ಒಬ್ಬಳು. ಆಗ ಚೆಲುವರಾಜು ಚಡ್ಡಿ ಹಾಕಿಕೊಂಡು ಅವಳ ಸೆರಗು ಹಿಡಿದು ಓಡಾಡುತ್ತಿದ್ದ ಹುಡುಗ. ಆ ಸಲಿಗೆಗೆ ಅವಳು ಅವನನ್ನು 'ಚೆಲುವಪ್ಪ' ಎನ್ನುತ್ತಿದ್ದಳು, ಅವನು 'ರಾಚಕ್ಕ' ಎನ್ನುತ್ತಿದ್ದ. ಅವಳಿಗೂ ಸಕ್ಕರೆ ಕಾಯಿಲೆ. ಹುಣಸೂರಿನ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದಳು.

ನರ್ಸರಿಯ ಹಿಂದಿನ ಬದುವಿನಲ್ಲಿ ಅಪ್ಪನ ಕಾಲದ ನಾಲ್ಕು ಮಹಾಗನಿ ಮರಗಳಿದ್ದವು. ಚೆಲುವರಾಜು ಮಚ್ಚು ತೆಗೆದುಕೊಂಡು ಹೋಗಿ ಒಂದರ ಚಕ್ಕೆ ಎಬ್ಬಿಸಿದ. ಮೇಲೆ ಬೂದಿ ಬಣ್ಣ, ಒಳಗೆ ರಕ್ತಗೆಂಪು. ನಾಲಿಗೆಗೆ ತಾಗಿಸಿದರೆ ಬೇವು ಇದರ ಮುಂದೆ ಪಾಯಸ. ಥೂ ಎಂದು ಉಗುಳಿ, ಉಳಿದದ್ದನ್ನು ತಂದು ರಾಚಮ್ಮನ ಮಡಿಲಿಗೆ ಹಾಕಿದ.

"ಕುದ್ಸಿ ಕುಡಿ ರಾಚಕ್ಕ. ಸಂಸೋದ್ನೆ ಆಗದೆ ಇದ್ರ ಮ್ಯಾಲೆ. ಸಕ್ರೆ ಅಂಗೇ ಇಳಿತದೆ."

"ನೀ ಕೊಟ್ಟ ಮ್ಯಾಲೆ ಇನ್ನೇನಪ್ಪ" ಎಂದು ಅವಳು ಸೆರಗಿಗೆ ಕಟ್ಟಿಕೊಂಡಳು.

ಅವಳ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಇತ್ತು. ವಾಸಿಯಾದರೆ ಆಗಲಿ ಎಂದೂ ಇತ್ತು. ಆದರೆ ಹೆಂಡತಿಗೆ ಕೊಡದ್ದನ್ನು ಇವಳಿಗೆ ಕೊಟ್ಟಾಗ ಅವನ ಕೈ ಒಂದಿಷ್ಟೂ ತಡೆಯಲಿಲ್ಲ. ಯಾಕೆ ತಡೆಯಲಿಲ್ಲ ಎಂದು ಆಗ ಅವನನ್ನು ಕೇಳುವವರಿರಲಿಲ್ಲ.

ಒಂದು ತಿಂಗಳಿಗೆ ರಾಚಮ್ಮನ ಸಕ್ಕರೆ ನಿಜವಾಗಿಯೂ ಇಳಿಯಿತು. ಸುನಂದಮ್ಮನಿಗೆಂದು ಮನೆಯಲ್ಲಿಟ್ಟಿದ್ದ, ಬೆರಳು ಚುಚ್ಚಿ ನೋಡುವ ಮಿಷಿನ್ನನ್ನು ನರ್ಸರಿಗೇ ತಂದು ನೋಡಿದ. ಇಳಿಯದೆ ಏನು? ರಾಚಮ್ಮ ಮದ್ದಿಗೆ ಪಥ್ಯ ಹಿಡಿದಿದ್ದಳು. ಸಿಹಿ ಟೀ ಬಿಟ್ಟಿದ್ದಳು, ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ, ಸೊಪ್ಪು. ಜೊತೆಗೆ ಮಾತ್ರೆಯೂ ನಡೆದಿತ್ತು. ಚೆಲುವರಾಜುವಿಗೆ ಇದು ಹೊಳೆಯಲಿಲ್ಲ ಎನ್ನುವ ಹಾಗಿಲ್ಲ. ಹೊಳೆದದ್ದನ್ನು ಅವನು ಹೊರಗೆ ಬಿಡಲಿಲ್ಲ. ಅಂದಿನಿಂದ ಯಾವ ಗಿರಾಕಿ ಬಂದರೂ ಮಹಾಗನಿ ಪಾತಿಯ ಮುಂದೆ ನಿಲ್ಲಿಸಿಕೊಂಡು, ಮಣ್ಣಿನ ಗುಡ್ಡೆಯ ಕಡೆ ತಿರುಗಿ ಕೂಗುತ್ತಿದ್ದ.

"ರಾಚಕ್ಕ, ಬಾ ಇಲ್ಲಿ. ಸಕ್ರೆ ಏನಾಯ್ತು ಯೋಳು ಇವ್ರಿಗೆ."

ರಾಚಮ್ಮ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಎದ್ದು ಬರುತ್ತಿದ್ದಳು. "ಇಳಿದದೆ ಕಣ್ರಪ್ಪ" ಎನ್ನುತ್ತಿದ್ದಳು. ಸುಳ್ಳು ಹೇಳುವ ಮುಖವಲ್ಲ ಅದು. ಗಿರಾಕಿ ಆ ಮುಖ ನೋಡುತ್ತಿದ್ದ, ಗಿಡ ನೋಡುತ್ತಿದ್ದ, ಆಟೋಗೆ ಗಿಡ ಏರಿಸುತ್ತಿದ್ದ. ಮರ ಹೋದರೆ ಹೋಗಲಿ, ಚಕ್ಕೆಯಾದರೂ ಮನೆಯವರಿಗೆ ಆಗುತ್ತದಲ್ಲ!

ಒಂದು ದಿನ ಕೆ.ಆರ್. ನಗರದ ಕಡೆಯವರು ಬಂದಿದ್ದರು. ಎಂದಿನಂತೆ ಕರೆದ, ಎಂದಿನಂತೆ ಅವಳು ಬಂದು ಹೇಳಿದಳು. ಅವರಲ್ಲೊಬ್ಬ, "ಮಾತ್ರೇನೂ ನುಂಗ್ತೀಯಾ ಅವ್ವ?" ಎಂದ.

"ಅದೆಂಗಾದದು? ಎಲ್ಡು ಮದ್ದು ಒಂದೇ ಒಟ್ಟೇಲಿ ಜಗಳ ಆಡ್ತವೆ. ನಾಟಿ ಮದ್ದು ಇಡುದ್ಮ್ಯಾಲೆ ಇಂಗ್ಲಿಸ್ ಮಾತ್ರೆ ಮುಟ್ಟಕಿಲ್ಲ ಕಣಪ್ಪ. ಯಾವಾಗ್ಲೋ ಬುಟ್ಟೆ."

ಆ ಕಡೆಯ ಹಳ್ಳಿಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಕಾಮಾಲೆಗೆ ಬೇರು ಅರೆದು ಕುಡಿಸುವವರಿರಲಿ, ಮುರಿದ ಕೈಗೆ ಸೊಪ್ಪು ಕಟ್ಟುವವರಿರಲಿ, ಮದ್ದು ಹಿಡಿದವರು ಇನ್ನೊಂದು ಮದ್ದನ್ನು ತಾವೇ ಬಿಡುತ್ತಾರೆ. ಎರಡನ್ನೂ ನಂಬುವುದೆಂದರೆ ಯಾವುದನ್ನೂ ನಂಬದ ಹಾಗೆ ಎಂದು ಅವರ ಲೆಕ್ಕ. ರಾಚಮ್ಮ ಮೊದಲು ಒಂದಷ್ಟು ದಿನ ಅಂಜಿಕೆಯಿಂದ ಎರಡನ್ನೂ ತೆಗೆದುಕೊಂಡು, ಸಕ್ಕರೆ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆ ಮದ್ದಿಗೆ ಮರ್ಯಾದೆ ಕೊಟ್ಟು ಮಾತ್ರೆ ಬಿಟ್ಟಿದ್ದಳು.

ಚೆಲುವರಾಜು, ಬಿಡಬೇಡ ರಾಚಕ್ಕ ಎನ್ನಲು ಬಾಯಿ ತೆರೆದೂ ತೆರೆದ. ಅಷ್ಟರಲ್ಲಿ ಕೆ.ಆರ್. ನಗರದವನು, "ಮಾತ್ರೇನೇ ಬುಟ್ಬುಟ್ಟವ್ಳಂತಲ್ಲೋ!" ಎಂದು ಜೊತೆಗಾರರ ಕಡೆ ತಿರುಗಿದ. ಅವರ ಕಣ್ಣು ಅರಳಿದ್ದನ್ನು ಚೆಲುವರಾಜು ಕಂಡ. ತೆರೆದ ಬಾಯಿಯಿಂದ ಬೇರೆ ಮಾತೇ ಬಂತು.

"ನೋಡಿ ಮತ್ತೆ! ಮಾತ್ರೆ ಬುಟ್ಟು ಎಂಗವ್ಳೆ ನೋಡಿ!"

ಆ ಮಾತನ್ನು ಅವನು ಮುಂದೆ ಎಷ್ಟು ಜನಕ್ಕೆ ಹೇಳಿದನೋ. ಮೂರು ಪಾತಿಯೂ ಖಾಲಿಯಾಗಿ ಹೊಸದಾಗಿ ಬೀಜ ಹಾಕಿಸಿದ. ಬೆರಳು ಚುಚ್ಚುವ ಮಿಷಿನ್ನಿನಲ್ಲಿ ರಕ್ತ ತಾಗಿಸುವ ಪಟ್ಟಿ ಮುಗಿದಿದೆ ಎಂದು ಅದನ್ನು ಮನೆಗೆ ಒಯ್ದವನು ಮತ್ತೆ ತರಲಿಲ್ಲ. ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು. ಅವನಿಗೆ ನೋಡಲು ಭಯ, ಅಷ್ಟೇ. ರಾಚಮ್ಮ ಮಣ್ಣು ತುಂಬುತ್ತ ತುಂಬುತ್ತ ಚೊಂಬೆತ್ತಿ ನೀರು ಕುಡಿಯುತ್ತಿದ್ದಳು, ಎದ್ದು ನಿಂತರೆ ಕಂಬ ಹಿಡಿದುಕೊಳ್ಳುತ್ತಿದ್ದಳು. ಪಾದ ಊದಿ ಚಪ್ಪಲಿ ಹಿಡಿಸದೆ ಬರಿಗಾಲಲ್ಲಿ ಬರತೊಡಗಿದಳು.

"ಕಾಲ್ಯಾಕೆ ಊದದೆ ರಾಚಕ್ಕ?"

"ಬಿಸ್ಲು ಕಣಪ್ಪ."

ಬಿಸಿಲಿಗೆ ಕಾಲು ಊದುವುದನ್ನು ಚೆಲುವರಾಜು ಹುಟ್ಟಿದಾರಭ್ಯ ಕೇಳಿರಲಿಲ್ಲ. ಆದರೂ ಒಪ್ಪಿಕೊಂಡ. ಅವತ್ತು ಸಾಲಿಗ್ರಾಮದಿಂದ ಶಿವನಂಜಪ್ಪ ಎಂಬ ರೈತ ಬಂದಿದ್ದ. ತಾಯಿಗೆ ಸಕ್ಕರೆ ಕಾಯಿಲೆ, ಗಿಡದ ಜೊತೆ ಒಂದಿಷ್ಟು ಚಕ್ಕೆಯೂ ಬೇಕು ಎಂದ. ರಾಚಮ್ಮ ಕಂಬ ಬಿಟ್ಟು ಬಂದು "ಇಳಿದದೆ ಕಣಪ್ಪ" ಎಂದು ಹೇಳಿ, ಹೋಗಿ ಕೂತುಕೊಂಡಳು. ಚೆಲುವರಾಜು ಚಕ್ಕೆ ಕಟ್ಟಿಕೊಟ್ಟ.

ಅದಾದ ವಾರದಲ್ಲೇ ಅವಳು ಮಣ್ಣಿನ ಗುಡ್ಡೆಯ ಮೇಲೆ ಮುಗ್ಗರಿಸಿ ಬಿದ್ದಳು. ಮಗಳು ನಂದಿತಾ, ಹುಣಸೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಓಡಿಬಂದು ಅಲ್ಲಿನ ಆಸ್ಪತ್ರೆಗೆ ಸೇರಿಸಿದಳು.

ಚೆಲುವರಾಜು ಬ್ರೆಡ್ಡು ಕಟ್ಟಿಸಿಕೊಂಡು ನೋಡಲು ಹೋದಾಗ ಡಾಕ್ಟ್ರಮ್ಮ ಮಂಚದ ಪಕ್ಕದಲ್ಲೇ ನಿಂತಿದ್ದಳು. ಇನ್ನೂ ಚಿಕ್ಕ ವಯಸ್ಸು, ರೂಪಶ್ರೀಗಿಂತ ಸ್ವಲ್ಪ ದೊಡ್ಡವಳಿರಬೇಕು. ನಂದಿತಾ ಔಷಧಿ ತರಲು ಹೊರಗೆ ಹೋಗಿದ್ದಳು. ರಾಚಮ್ಮನ ಮುಖ ಊದಿಕೊಂಡು ಕಣ್ಣು ಸಣ್ಣಗಾಗಿದ್ದವು.

"ಮಾತ್ರೆ ಬಿಟ್ಟಿದ್ದಕ್ಕೆ ಶುಗರ್ ಏರಿತ್ತು, ಅದು ಈಗ ಇಳೀತಾ ಇದೆ" ಎಂದಳು ಡಾಕ್ಟ್ರಮ್ಮ. "ಆದ್ರೆ ಕಿಡ್ನಿ ಮಾತ್ರ ದಿನಾ ಕೆಡ್ತಾ ಇದೆಯಲ್ಲಮ್ಮ. ಇಲ್ಲಿಗೆ ಬಂದ ಮೇಲೂ ಯಾಕೆ ಕೆಡ್ಬೇಕು? ನಾಟಿ ಔಷಧಿ, ಪುಡಿ, ಕಷಾಯ ಏನಾದ್ರೂ ತಗೊಂಡಿದ್ರಾ? ತಗೊಂಡಿದ್ರೆ ಹೇಳಿ, ನಾನೇನೂ ಬಯ್ಯಲ್ಲ."

"ಇಲ್ಲ ಕಣವ್ವ" ಎಂದಳು ರಾಚಮ್ಮ. "ಮಾತ್ರೆ ನುಂಗಾದ ಮರ್ತೆ. ಅಷ್ಟೆಯ."

ಹಾಗೆನ್ನುತ್ತ ಚೆಲುವರಾಜುವಿನ ಕಡೆ ನೋಡಿ, ನೀನು ಸುಮ್ಮನಿರು ಎನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ಡಾಕ್ಟ್ರಮ್ಮ ಅವನ ಕಡೆ ತಿರುಗಿದಳು.

"ನೀವ್ಯಾರು? ನಿಮಗೇನಾದ್ರೂ ಗೊತ್ತಾ?"

"ನಮ್ ನರ್ಸರೀಲಿ ಕೆಲ್ಸ ಮಾಡ್ತಾರೆ ಮೇಡಂ. ನಂಗೇನ್ ಗೊತ್ತಿಲ್ಲ."

ಎಷ್ಟು ಸಲೀಸಾಗಿ ಬಂತು ಅದು! ಇಷ್ಟು ವರ್ಷ ಗಿರಾಕಿಗಳ ಮುಂದೆ ಪಳಗಿದ ನಾಲಿಗೆ, ಒಂದು ಚೂರೂ ತೊದಲಲಿಲ್ಲ.

"ನಾಳೆ ರಕ್ತ ಮತ್ತೆ ನೋಡ್ತೀನಿ. ಕಿಡ್ನಿ ಸುಧಾರಿಸಿಲ್ಲ ಅಂದ್ರೆ ಮೈಸೂರಿಗೆ ಕಳಿಸ್ಬೇಕು, ಡಯಾಲಿಸಿಸ್‌ಗೆ" ಎಂದು ಡಾಕ್ಟ್ರಮ್ಮ ಮುಂದಿನ ಮಂಚಕ್ಕೆ ಹೋದಳು.

ನಂದಿತಾ ಔಷಧಿಯ ಪೊಟ್ಟಣ ಹಿಡಿದು ವಾಪಸ್ಸು ಬಂದಳು. ಚೆಲುವರಾಜುವನ್ನು ಕಂಡು, "ಬಂದ್ರಾ ಅಣ್ಣ" ಎಂದು ನಕ್ಕಳು. ಆಮೇಲೆ ಚೀಲದಿಂದ ಸ್ಟೀಲ್ ಫ್ಲಾಸ್ಕು ತೆಗೆದು ಲೋಟಕ್ಕೆ ಬಗ್ಗಿಸಿದಳು. ಕೆಂಪು ಕಷಾಯ, ಹಬೆಯಾಡುತ್ತಿತ್ತು. ಆ ಕಹಿ ವಾಸನೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಬಿಸಿ ಇರಾಗ್ಲೇ ಕುಡಿಯವ್ವ. ಅಣ್ಣ, ನೀವ್ ಕೊಟ್ಟಿದ್ದು ಒಂದು ಒತ್ತೂ ತಪ್ಸಿಲ್ಲ. ಇಲ್ಲೂ ತಂದ್ಕೊಡ್ತಾ ಇವ್ನಿ. ಇದ್ರಿಂದ್ಲೇ ವಸಿ ಉಸಿರು ಇಡ್ಕೊಂಡವ್ಳೆ."

ರಾಚಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು, ಮುಖ ಕಿವುಚದೆ, ಗುಟುಕು ಗುಟುಕಾಗಿ ಪೂರಾ ಕುಡಿದಳು. ಚೆಲುವರಾಜು ನೋಡುತ್ತ ನಿಂತ. ಕೈ ಚಾಚಿದರೆ ಲೋಟ ಸಿಗುತ್ತಿತ್ತು. "ಬತ್ತೀನಿ ರಾಚಕ್ಕ" ಎಂದು ಹೊರಗೆ ಬಂದುಬಿಟ್ಟ.

ಲಕ್ಷ್ಮಣತೀರ್ಥದ ಸೇತುವೆಯ ಹತ್ತಿರ ಬೈಕು ನಿಲ್ಲಿಸಿದ. ತಾನು ಕುಡಿ ಎಂದದ್ದು ನಿಜ, ಮಾತ್ರೆ ಬಿಡು ಎಂದಿರಲಿಲ್ಲವಲ್ಲ ಎಂದು ತನಗೇ ಹೇಳಿಕೊಂಡ. ಬಿಟ್ಟೆ ಎಂದಾಗ ಬೇಡ ಎಂದೆಯಾ ಎಂದು ಒಳಗಿನಿಂದ ಯಾರೋ ಕೇಳಿದರು. ಈಗ ಡಾಕ್ಟ್ರಮ್ಮನಿಗೆ ಹೇಳಿದರೆ ನಾಳೆ ಹುಣಸೂರಿಗೆಲ್ಲ ಗೊತ್ತಾಗುತ್ತದೆ, ನಾಡಿದ್ದು ನರ್ಸರಿಯ ಗೇಟಿಗೆ ಬೀಗ. ಹೇಳದಿದ್ದರೆ? ಹೇಳದಿದ್ದರೆ ಫ್ಲಾಸ್ಕು ಸಂಜೆಯೂ ಬರುತ್ತದೆ, ಬೆಳಗ್ಗೆಯೂ ಬರುತ್ತದೆ. ಮಗಳಿಗೆ ಫೋನ್ ಮಾಡಿದ.

"ರೂಪಾ, ಆ ಚಕ್ಕೆ ಕಸಾಯ ಕುಡಿದೋರಿಗೆ ಕಿಡ್ನಿ ಕೆಟ್ರೆ... ನಿಲ್ಸುದ್ರೆ ಸರಿಯಾದದಾ?"

"ಯಾರಪ್ಪ ಕುಡೀತಿರೋದು?"

"ಯಾರೋ ಗಿರಾಕಿ ಕಣವ್ವ."

"ಅಪ್ಪ, ಅಮ್ಮ ಅಲ್ಲ ತಾನೆ?"

"ಅಲ್ಲ ಅಲ್ಲ. ನಿಮ್ಮಮ್ಮ ಚೆನ್ನಾಗವ್ಳೆ."

"ಸದ್ಯ" ಎಂದಳು ಮಗಳು. "ಆ ಗಿರಾಕಿ ಯಾರೇ ಆಗ್ಲಿ, ಅವರ ಡಾಕ್ಟ್ರಿಗೆ ಈಗ್ಲೇ ಹೇಳು. ಒಂದೊಂದು ಲೋಟಾನೂ ಲೆಕ್ಕ ಅಪ್ಪ."

ಆ 'ಸದ್ಯ' ಅವನ ಕಿವಿಯಲ್ಲಿ ಉಳಿದುಬಿಟ್ಟಿತು. ಅವಳದೇನು ತಪ್ಪು? ತನ್ನ ತಾಯಲ್ಲವೆಂದು ಉಸಿರು ಬಿಟ್ಟಳು. ಅವನೂ ತಿಂಗಳುಗಟ್ಟಲೆ ಅದನ್ನೇ ಮಾಡಿದ್ದ, ತನ್ನ ಮನೆಯವಳಲ್ಲವಲ್ಲ ಎಂದು. ಆಗಲೇ ಹಿಂದಿರುಗಿ ಹೋಗಬೇಕಾಗಿತ್ತು. ಮನೆಗೆ ಹೋದ. ಸುನಂದಮ್ಮ ಊಟದ ಮುಂಚೆ ಮಾತ್ರೆ ನುಂಗಿ ನೀರು ಕುಡಿಯುವುದನ್ನು ನೋಡಿದ ಮೇಲೆ ಅವನಿಗೆ ತುತ್ತು ಇಳಿಯಲಿಲ್ಲ.

ಬೆಳಗ್ಗೆ ಅವನು ವಾರ್ಡಿಗೆ ಬರುವಾಗ ನಂದಿತಾ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಚೆಲುವರಾಜು ದಾಪುಗಾಲು ಹಾಕಿ ಹೋಗಿ ಅವಳ ಕೈಯಿಂದ ಅದನ್ನು ಕಿತ್ತುಕೊಂಡ. ಬಿಸಿ ಕಷಾಯ ಮುಂಗೈ ಮೇಲೆ ಚೆಲ್ಲಿತು. ಸಾಲಿನ ಆ ತುದಿಯಲ್ಲಿದ್ದ ಡಾಕ್ಟ್ರಮ್ಮ ಗದ್ದಲ ಕೇಳಿ ಬಂದಳು.

"ಮೇಡಂ, ನೆನ್ನೆ ನಾನು ಸುಳ್ಳೇಳ್ದೆ" ಎಂದ ಚೆಲುವರಾಜು. "ಇದು ಮಹಾಗನಿ ಚಕ್ಕೆ ಕಸಾಯ. ನಾನೇ ಕೊಟ್ಟಿದ್ದು. ಉಗಾದಿಗೂ ಮುಂಚಿಂದ ಕುಡೀತಾವ್ಳೆ, ಇಲ್ಲೂ ಕುಡೀತಾವ್ಳೆ. ಮಾತ್ರೆ ಬುಟ್ಟಿದ್ದು ಮರ್ತಲ್ಲ, ಇದ್ಕೋಸ್ಕರ. ನಂಗದು ಗೊತ್ತಿತ್ತು."

"ಇಲ್ಲ ಕಣವ್ವ, ಇವುನ್ಗೇನೂ ಗೊತ್ತಿಲ್ಲ" ಎಂದು ರಾಚಮ್ಮ ಏಳಲು ನೋಡಿದಳು. "ನಾನೇ ಕುಯ್ಕೊಂಡೋಗಿ..."

"ಸುಮ್ಕಿರು ರಾಚಕ್ಕ! ನಿನ್ ಕಾಲಿಗೆ ಬೀಳ್ತೀನಿ, ಸುಮ್ಕಿರು."

ಡಾಕ್ಟ್ರಮ್ಮ ನಿನ್ನೆ ಮಾತು ಕೊಟ್ಟಂತೆಯೇ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದಿನಕ್ಕೆ ಎಷ್ಟು ಲೋಟ, ಎಷ್ಟು ಚಕ್ಕೆ, ಎಷ್ಟು ಹೊತ್ತು ಕುದಿಸುವುದು, ಇದನ್ನು ಕೊಡಿ ಎಂದವರು ಯಾರು ಎಂದು ಒಂದೊಂದಾಗಿ ಕೇಳಿದಳು. ಕೊನೆಯದಕ್ಕೆ ಅವನು, "ಸಂಸೋದ್ನೆ ಆಗದೆ ಅಂತ... ಇಲಿ ಮ್ಯಾಲೆ" ಎಂದ. ಅಷ್ಟು ದಿನ ಬಾಯಿಗೆ ಬಾರದ ಮಾತು ಅಂದು ಬಂತು. ಇಲಿಗಳ ಕಿಡ್ನಿ ಕೆಟ್ಟದ್ದನ್ನೂ ಮಗಳು ಓದಿ ಹೇಳಿದ್ದಳೆಂದು ಸೇರಿಸಿದ.

"ಕಷಾಯ ಒಂದರಿಂದ್ಲೇ ಅಂತ ನಾನು ಹೇಳಲ್ಲ, ಶುಗರೂ ಏರಿತ್ತು" ಎಂದಳು ಡಾಕ್ಟ್ರಮ್ಮ. "ಈಗ ನಿಲ್ಲಿಸಿದ್ರೆ ಒಂದಷ್ಟು ತಿರುಗಬಹುದು. ಎಷ್ಟು ಅಂತ ಮೈಸೂರಿನವರೇ ನೋಡಿ ಹೇಳ್ಬೇಕು. ಇವತ್ತೇ ಕಳಿಸ್ತೀನಿ." ಆಂಬುಲೆನ್ಸಿಗೆ ಹೇಳಲು ಅವಳು ಹೊರಟಳು.

ನಂದಿತಾ ಚೆಲುವರಾಜುವಿನ ಮುಂದೆ ಬಂದು ನಿಂತಳು.

"ಅಣ್ಣ, ಸುನಂದಕ್ಕಂಗೂ ಶುಗರ್ ಐತಲ್ವಾ?"

"ಅದೆ ಕಣವ್ವ."

"ಕೊಟ್ಟಿದ್ರಾ ಅವ್ರಿಗೆ?"

ಚೆಲುವರಾಜು ಇಲ್ಲವೆಂದು ತಲೆಯಾಡಿಸಿದ. ನಂದಿತಾ ಅವನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ಹೊರಗೆ ಹೋಗಿ, ಚರಂಡಿಗೆ ಸುರಿದಳು. ಸುರಿಯುವಾಗ ಅವಳ ಹೆಗಲು ಕುಲುಕುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಪ್ರತಿದಿನ ಕೈಯಾರೆ ಕುದಿಸಿ ಕುಡಿಸಿದವಳು ಅವಳು. ಆ ಪಾಪವನ್ನೂ ತಾನೇ ಅವಳ ತಲೆಗೆ ಕಟ್ಟಿದೆ ಎಂದು ಚೆಲುವರಾಜುವಿಗೆ ಆಗಲೇ ತಿಳಿದದ್ದು. ಅವನು ಅಲ್ಲೇ ನಿಂತು ಸಾಲಿಗ್ರಾಮದ ಶಿವನಂಜಪ್ಪನಿಗೆ ಫೋನ್ ಮಾಡಿದ. ಚಕ್ಕೆ ಬೇಡ, ಒಲೆಗೆ ಹಾಕಿ, ತಾಯಿಗೆ ಮಾತ್ರೆ ತಪ್ಪಿಸಬೇಡಿ ಎಂದ. "ಏನ್ರೀ, ಅವತ್ತು ಅಂಗಂದ್ರಿ, ಇವತ್ತು ಇಂಗಂತೀರಿ?" ಎಂದು ಅವನು ರೇಗಿದ. ಅವತ್ತು ಹೇಳಿದ್ದು ಸುಳ್ಳು ಎಂದು ಚೆಲುವರಾಜು ಹೇಳಿದ. ಶಿವನಂಜಪ್ಪ ಬಾಯಿಗೆ ಬಂದಂತೆ ಬಯ್ದು ಫೋನಿಟ್ಟ. ಹೀಗೆ ಹೇಳಬೇಕಾದವರು ಇನ್ನೂ ಎಷ್ಟೋ ಜನ ಇದ್ದರು. ಎಲ್ಲರ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ಆಂಬುಲೆನ್ಸು ಬರುವುದು ತಡವಾಯಿತು. ನಂದಿತಾ ಬಟ್ಟೆ ತರಲು ಮನೆಗೆ ಓಡಿದಳು. ಚೆಲುವರಾಜು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ರಾಚಮ್ಮ ಬಯ್ಯಲಿ, ಶಾಪ ಹಾಕಲಿ ಎಂದು ಕಾಯುತ್ತ ಕೂತ. ಅವಳು ಮೇಲಿನ ಫ್ಯಾನಿನಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು.

"ಯಾಕಪ್ಪ ಯೋಳ್ದೆ? ಇನ್ನು ಗಿಡ ಯಾರ್ ಒಯ್ತಾರೆ?"

"ಗಿಡದ ಮನೆ ಆಳಾಗ್ಲಿ ಬುಡು ರಾಚಕ್ಕ."

"ನಂಗೊತ್ತಿತ್ತು ಕಣೋ. ಇಳೀಲಿಲ್ಲ ಅದು. ಮೊದ್ಲು ಇಳೀತು, ಆಮ್ಯಾಕೆ ಇಳೀಲಿಲ್ಲ. ಮೈಯಿ ಯೋಳ್ತದಲ್ಲ, ಗೊತ್ತಾಗಕಿಲ್ವಾ?"

ಚೆಲುವರಾಜು ತಲೆಯೆತ್ತಿದ. "ಮತ್ತೆ ಬಂದೋರ್ ಮುಂದೆಲ್ಲ ಇಳಿದದೆ ಅಂತಿದ್ದೆ?"

"ನೀನು ಅಷ್ಟ್ ಜನದ ಮುಂದೆ ಬಾಯ್ತುಂಬ ಕರೀತಿದ್ದೆ. ಇಲ್ಲ ಅಂತ ಎಂಗ್ ಅನ್ನದು? ನಿನ್ ಮೊಕ ಏನಾಯ್ತಿತ್ತು?"

ಅವನಿಗೆ ಅಳು ಬಂತು. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ವಾರ್ಡಿನ ಜನ ನೋಡುತ್ತಿದ್ದಾರೆಂಬುದನ್ನೂ ಮರೆತು ಅತ್ತ. 'ಬಾ, ಹೇಳು' ಎಂದು ತಾನು ಕೂಗಿದಾಗಲೆಲ್ಲ ಅವಳು ಊದಿದ ಕಾಲಲ್ಲಿ ಎದ್ದು ಬಂದಿದ್ದಳು. ಅವನು ಅವಳಿಂದ ಗಿರಾಕಿಗಳಿಗೆ ಮಾಡಿಸಿದ ಮೋಸವನ್ನು ಅವಳು ಅವನ ಮಾನ ಉಳಿಸಲೆಂದು ಮೈಮೇಲೆ ಹಾಕಿಕೊಂಡಿದ್ದಳು.

ರಾಚಮ್ಮ ಅವನು ಅಳುವುದನ್ನು ತಡೆಯಲಿಲ್ಲ. ಮುಗಿಯಲಿ ಎಂದು ಕಾದಳು. ಆಮೇಲೆ ಕೇಳಿದಳು.

"ಇಲಿ ಮ್ಯಾಲೆ ಅಂದ್ಯಲ್ಲ ಡಾಕ್ಟ್ರುಗೆ. ಅವಕ್ಕೂ ಕೊಟ್ರಾ ಇದ್ನ?"

"ಊಂ."

"ಅವಕ್ಕಾದ್ರೂ ಇಳೀತಾ?"

"ಇಳೀತಂತೆ."

"ಆಮ್ಯಾಕೆ ಏನಾದ್ವು ಅವು?"

ಏನೋ ಒಂದು ಹೇಳಿ ತೇಲಿಸಬಹುದಾಗಿತ್ತು. ಅವನ ನಾಲಿಗೆಗೆ ಅದೇನು ದೊಡ್ಡ ಕೆಲಸವಲ್ಲ. ಚೆಲುವರಾಜು ಅವಳ ಮುಖ ನೋಡಿದ.

"ಒಳಗೆ ಏನಾಗದೆ ನೋಡಾಕೆ ಕುಯ್ತಾರಂತೆ ರಾಚಕ್ಕ. ಎಲ್ಲಾನೂ."

ಹೊರಗೆ ಆಂಬುಲೆನ್ಸು ಬಂದು ನಿಂತ ಸದ್ದಾಯಿತು.

"ಅವಕ್ಕೂ ಮೊದ್ಲೇ ಯೋಳಿರಕಿಲ್ಲ ಬುಡು" ಎಂದು ಹೇಳಿ ರಾಚಮ್ಮ, ಎಬ್ಬಿಸು ಎಂದು ಅವನ ಕಡೆ ಕೈ ಚಾಚಿದಳು.